ಗೋಡೆಯ ಮೇಲಿನ ಹಳೆಯ ನಂಬರು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಮೇಜಿನ ಮುಂದೆ ಇಪ್ಪತ್ತಾರು ವರ್ಷ ನಿಂತು ರೋಗಿಗಳ ಚಾದರಗಳಿಗೆ ಇಸ್ತ್ರಿ ಹಾಕಿದವನನ್ನು ಎಲ್ಲರೂ ಇಸ್ತ್ರಿಯಣ್ಣ ಎಂದೇ ಕರೆಯುತ್ತಿದ್ದರು. ಒಂದು ಸುಕ್ಕು ಉಳಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ. "ಮಲಗಿದೋರ ಬೆನ್ನಿಗೆ ಚುಚ್ಚುತ್ತೆ ಕಣ್ರೋ" ಅನ್ನುತ್ತಿದ್ದ. ಅಂಥ ಅಚ್ಚುಕಟ್ಟಿನ ಮನುಷ್ಯ ಮಾಡಿಕೊಂಡ ಒಂದು ಎಡವಟ್ಟನ್ನು ಹೇಳಬೇಕಾಗಿದೆ. ಹೇಳಲು ನನಗೂ ಸಂಕಟವೇ.

ಸಾಲ ಅವನು ತನಗಾಗಿ ಮಾಡಿದ್ದಲ್ಲ. ಒಡಹುಟ್ಟಿದ ತಮ್ಮ, ಅಂಗಡಿ ಇಡುತ್ತೇನೆಂದು ಗೋಗರೆದಾಗ, ತನ್ನ ಸಂಬಳ ಬರುವ ಬ್ಯಾಂಕಿನಲ್ಲೇ ತನ್ನ ಹೆಸರಿನಲ್ಲಿ ತೆಗೆದುಕೊಟ್ಟಿದ್ದ. ಒಂದೂವರೆ ವರ್ಷಕ್ಕೆ ಅಂಗಡಿ ಬಾಗಿಲು ಹಾಕಿತು, ತಮ್ಮ ಫೋನ್ ಎತ್ತುವುದನ್ನೇ ಬಿಟ್ಟ. ಆಮೇಲೆ ಸಂಬಳ ಬಿದ್ದ ದಿನವೇ ಬ್ಯಾಂಕು ಕಂತು, ಬಡ್ಡಿ, ದಂಡ ಎಲ್ಲ ಮುರಿದುಕೊಂಡು ಚಿಲ್ಲರೆಯಷ್ಟನ್ನು ಇವನಿಗೆ ಬಿಡುತ್ತಿತ್ತು. ಮೂರು ತಿಂಗಳ ಬಾಡಿಗೆ ನಿಂತುಹೋಯಿತು.

ಅದಕ್ಕಿಂತ ದೊಡ್ಡ ಚಿಂತೆ ಹೆಂಡತಿಯ ಕಣ್ಣಿನದು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಎರಡೂ ಕಣ್ಣಿಗೆ ಪೊರೆ ಬಲಿತು, ಎದುರಿಗೆ ನಿಂತವರು ಬರೀ ಮಬ್ಬು ಆಕಾರವಾಗಿ ಕಾಣುತ್ತಿದ್ದರು. ಮಿಷನ್ನಿನ ಕೆಲಸ ಬಿಟ್ಟು, ಕೈಯ ಅಂದಾಜಿನಲ್ಲೇ ಗುಂಡಿ ಹಚ್ಚುವುದು, ಅಂಚು ಮಡಿಸುವುದು ಇಷ್ಟನ್ನೇ ಉಳಿಸಿಕೊಂಡಿದ್ದಳು. ಇಸ್ತ್ರಿಯಣ್ಣ ದಿನಾ ಬೆಳಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಕೆಲಸಕ್ಕೆ ಹೊರಡುತ್ತಿದ್ದ. ಊರಿನ ಆ ತುದಿಯ ಕಣ್ಣಾಸ್ಪತ್ರೆಯವರು ಹನ್ನೆರಡನೇ ತಾರೀಖಿಗೆ ಆಪರೇಷನ್ ಎಂದಿದ್ದರು. ದುಡ್ಡು ಮೊದಲೇ ಕಟ್ಟಬೇಕು. ಆ ದಿನ ತಪ್ಪಿದರೆ ಇನ್ನು ಏಳು ತಿಂಗಳು ಕಾಯಬೇಕು.

ಸಾಲದಲ್ಲಿ ಸಿಕ್ಕಿಬಿದ್ದವರಿಗೆ ಪುಕ್ಕಟೆ ಸಲಹೆ ಕೊಡುವ ಕಚೇರಿಯೊಂದಿತ್ತು. ಅಲ್ಲಿನ ಮೇಡಂ ಅವನ ಪಾಸ್‌ಬುಕ್ ತಿರುವಿ ಹಾಕಿ ಹಣೆ ಚಚ್ಚಿಕೊಂಡರು.

"ಸಾಲ ಇರೋ ಬ್ಯಾಂಕಿಗೇ ಸಂಬಳಾನೂ ಹಾಕಿಸ್ಕೊಂಡ್ರೆ ಅವರು ಹಿಡ್ಕೊಳ್ದೆ ಬಿಡ್ತಾರೇನ್ರೀ? ಬೇರೆ ಬ್ಯಾಂಕಲ್ಲಿ ಒಂದು ಬೇಸಿಕ್ ಅಕೌಂಟ್ ತೆಗೀರಿ. ಚೆಕ್ ಬುಕ್ ಇಲ್ಲ, ಸಾಲ ಇಲ್ಲ, ಇರೋದಕ್ಕಿಂತ ಒಂದು ಪೈಸೆ ಹೆಚ್ಚಿಗೆ ತೆಗೆಯೋಕಾಗಲ್ಲ. ಸಂಬಳ ಬೀಳುತ್ತೆ, ನೀವು ತೆಗೀತೀರಿ, ಅಷ್ಟೇ. ಮೊದಲು ಬಾಡಿಗೆ, ಊಟ, ಔಷಧಿ. ಹಳೇ ಬ್ಯಾಂಕಿಗೆ ತಿಂಗಳಿಗೆ ಇಷ್ಟಿಷ್ಟು ಕೊಡ್ತಾರೆ ಅಂತ ನಾನೇ ಪತ್ರ ಬರೀತೀನಿ."

"ಓಡಿಹೋದ ಹಾಗಾಗಲ್ವಾ ಮೇಡಂ?"

"ಓಡಿಹೋಗೋರು ಪತ್ರ ಬರೆದಿಟ್ಟು ಹೋಗ್ತಾರಾ?"

ಎಷ್ಟೋ ತಿಂಗಳ ಮೇಲೆ ಅವನಿಗೆ ನಗು ಬಂತು. ಬಾಗಿಲವರೆಗೆ ಬಂದ ಮೇಡಂ ಇನ್ನೊಂದು ಮಾತು ಹೇಳಿದರು: "ಹೊಸ ನಂಬರು ನಿಮಗೆ ದುಡ್ಡು ಹಾಕೋರಿಗೆಲ್ಲ ತಿಳಿಸಿ. ಒಬ್ಬರನ್ನೂ ಬಿಡಬೇಡಿ."

ಅವನು ಸಂಬಳದ ಗುಮಾಸ್ತನಿಗೆ ತಿಳಿಸಿದ. ಗೋಡೆಗೆ ಮಾತ್ರ ತಿಳಿಸಲಿಲ್ಲ.

ಗೋಡೆ ಅಂದರೆ ನೆಲಮಾಳಿಗೆಯ ಗೋಡೆ. ಚಾದರಗಳಿಗೆ ಗುರುತು ಹಾಕುವ ಕಪ್ಪು ಮಸಿಯಲ್ಲಿ ಅಲ್ಲಿ ಕೆಲಸದವರೆಲ್ಲರ ಬ್ಯಾಂಕ್ ನಂಬರುಗಳನ್ನು ಬರೆದಿದ್ದರು. ಯಾರ ಮನೆಯಲ್ಲಾದರೂ ಕಷ್ಟ ಬಂದರೆ ಉಳಿದವರು ಸದ್ದಿಲ್ಲದೆ ಆ ನಂಬರಿಗೆ ದುಡ್ಡು ಹಾಕುವುದು ಅಲ್ಲಿನ ರೂಢಿ. ಕೈಗೆ ಕೊಟ್ಟರೆ ತೆಗೆದುಕೊಳ್ಳುವವನು ತಲೆ ತಗ್ಗಿಸಬೇಕಾಗುತ್ತದಲ್ಲ, ಅದು ಬೇಡವೆಂದು. ಎಂಥ ದೊಡ್ಡ ಮನಸ್ಸಿನ ಜನ! ಆದರೆ ಹಳೆಯ ನಂಬರು ಹೊಡೆದುಹಾಕಿ ಹೊಸದು ಬರೆದರೆ ಹಸಿ ಮಸಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾಕೆ, ಏನು ಎಂದು ಕೇಳುತ್ತಾರೆ. ತಮ್ಮನ ಮಾನ, ತನ್ನ ಮಾನ ಎರಡೂ ಬೀದಿಗೆ ಬರುತ್ತವೆ. ನಾಳೆ ಬರೆದರಾಯಿತು ಎಂದುಕೊಂಡ. ಅಯ್ಯೋ, ಎರಡು ಗೆರೆ ಎಳೆಯುವ ಕೆಲಸ ಸ್ವಾಮಿ ಅದು!

ಒಂದನೇ ತಾರೀಖು ಹೊಸ ಖಾತೆಗೆ ಸಂಬಳ ಇಡಿಯಾಗಿ ಬಿತ್ತು. ಬಾಡಿಗೆ ಪೂರ್ತಿ ತೀರಿಸಿದ. ಉಳಿದದ್ದು ಆಪರೇಷನ್ನಿಗೆ ಅರ್ಧಕ್ಕೂ ಸಾಲದು. ಯಾರನ್ನು ಕೇಳಲೂ ಬಾಯಿ ಬರಲಿಲ್ಲ.

ಒಂಬತ್ತನೇ ತಾರೀಖು ನೆಲಮಾಳಿಗೆಯ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಅವನ ಬೆನ್ನ ಮೇಲೊಂದು ಗುದ್ದು ಹಾಕಿದ. ಮೇಸ್ತ್ರಿಯ ಹೆಂಡತಿ ಬಟ್ಟೆ ಹೊಲಿಸಲು ಇವನ ಮನೆಗೆ ಬರುವವಳು. ವಿಷಯ ಅವಳಿಂದ ಗೊತ್ತಾಗಿತ್ತು.

"ಏನಯ್ಯಾ ಇಸ್ತ್ರಿ, ಅತ್ತಿಗೆ ಕಣ್ಣಿನ ವಿಷಯ ನಮ್ಮ ಹತ್ರಾನೂ ಮುಚ್ಚಿಡ್ತೀಯಾ? ಹನ್ನೊಂದು ಜನ ಹಾಕಿದ್ದೀವಿ. ಕಸ ಗುಡಿಸೋ ಅಜ್ಜೀನೂ ಬಿಡದೆ ಹಾಕಿದ್ದಾಳೆ. ಹೋಗಿ ಆಪರೇಷನ್ ಮಾಡಿಸು, ನಡಿ!"

"ಯಾವ... ಯಾವ ನಂಬರಿಗೆ?"

"ಗೋಡೆ ಮೇಲಿರೋದಕ್ಕೆ. ಇನ್ಯಾವುದಿದೆ ನಿನಗೆ?"

ಅವನು ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು ಹಳೆಯ ಬ್ಯಾಂಕಿಗೆ ಓಡಿದ. ಅಲ್ಲಿನ ಗುಮಾಸ್ತೆ ಪರದೆ ನೋಡಿ, "ಬಾಕಿಗೆ ಜಮಾ ಆಗೋಗಿದೆಯಲ್ಲಾ" ಎಂದಳು. ಪಾಪ, ಅವಳ ಕೈಯಲ್ಲೇನಿದೆ? ಸಲಹೆ ಕಚೇರಿಯ ಮೇಡಂ ಫೋನ್ ಮಾಡಿ ಕೇಳಿದರು, ಪತ್ರ ಬರೆದರು, ಕೊನೆಗೆ ಜಗಳವನ್ನೂ ಆಡಿದರು. ಬ್ಯಾಂಕು ವಾಪಸ್ ಕೊಡಲಿಲ್ಲ. ಹನ್ನೆರಡನೇ ತಾರೀಖು ಬಂದು ಹೋಯಿತು. ಅವತ್ತು ರಜೆ ಹಾಕಿ, ಗಂಡ ಹೆಂಡತಿ ಮನೆಯ ಬಾಗಿಲು ಹಾಕಿಕೊಂಡು ಕೂತಿದ್ದರು.

ಮರುದಿನ ಕಸ ಗುಡಿಸುವ ಅಜ್ಜಿ ಅವನ ಎರಡೂ ಕೈ ಹಿಡಿದು ಕೇಳಿದಳು: "ಕಣ್ಣು ಬಂತೇನಪ್ಪಾ ಅವಳಿಗೆ?"

"ಬಂತಜ್ಜಿ" ಅಂದುಬಿಟ್ಟ.

ಮನೆಗೆ ಬಂದು ಅದನ್ನು ಹೇಳಿ ಅತ್ತ. ಹೆಂಡತಿ ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಕೊನೆಯವರೆಗೂ ಮಡಿಸಿದಳು. ಆಮೇಲೆ, "ಹೋಗ್ಲಿ ಬಿಡಿ. ಅಷ್ಟು ಜನರ ಸಂತೋಷ ಯಾಕೆ ಹಾಳು ಮಾಡೋದು. ಯಾರಾದ್ರೂ ನೋಡೋಕೆ ಬಂದ್ರೆ ಕಾಣುತ್ತೆ ಅಂತಾನೇ ಹೇಳ್ತೀನಿ" ಎಂದಳು.

ಅದಾದ ಮೂರನೇ ವಾರದ ಭಾನುವಾರ ಮೇಸ್ತ್ರಿ ಬಂದೇಬಿಟ್ಟ. ಅವನ ದನಿ ಮೆಟ್ಟಿಲ ಮೇಲೆ ಕೇಳಿದ ಕೂಡಲೇ ಅವಳು ಗಂಡನ ಕಿವಿಯಲ್ಲಿ, "ಯಾವ ಬಣ್ಣದ ಅಂಗಿ ಹಾಕ್ತಾರೆ?" ಎಂದಳು. "ಯಾವಾಗಲೂ ನೀಲಿ" ಎಂದು ಅವನು ಪಿಸುಗುಟ್ಟಿದ. ಕೆಲಸದಲ್ಲಿ ಇಪ್ಪತ್ತಾರು ವರ್ಷ ಮೇಸ್ತ್ರಿಯನ್ನು ನೀಲಿ ಸಮವಸ್ತ್ರದಲ್ಲೇ ನೋಡಿದ್ದ.

ತನ್ನದೇ ಮನೆಯಲ್ಲವೇ, ಹೆಜ್ಜೆ ಲೆಕ್ಕದಲ್ಲೇ ನಡೆದು ನೀರು ತಂದು ಮೇಸ್ತ್ರಿಯ ಮುಂದೆ ಹಿಡಿದಳು. ಮುಖ ಅರಳಿಸಿಕೊಂಡು, "ಈ ನೀಲಿ ಅಂಗಿ ನಿಮಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ! ನಿಮ್ಮೆಲ್ಲರ ದಯದಿಂದ ಈಗ ನೋಡ್ತಿದ್ದೀನಿ" ಎಂದಳು.

ಮೇಸ್ತ್ರಿ ಹಾಕಿದ್ದು ಕಂದು ಅಂಗಿ.

ಇಸ್ತ್ರಿಯಣ್ಣ ನೆಲ ನೋಡಿದ. ಮೇಸ್ತ್ರಿ ತನ್ನ ಅಂಗಿ ನೋಡಿಕೊಂಡ, ದಿಂಬಿನಲ್ಲಿ ದಾರ ಪೋಣಿಸಿಟ್ಟ ಸೂಜಿಗಳನ್ನು ನೋಡಿದ, ಅವಳ ಮುಖ ನೋಡಿದ. ನೀರು ಕುಡಿದು ಲೋಟ ಕೆಳಗಿಟ್ಟ.

"ಹೌದು ಅತ್ತಿಗೆ. ನೀಲಿ ಅಂದ್ರೆ ನನಗೆ ಮೊದಲಿಂದಾನೂ ಇಷ್ಟ."

ಇಸ್ತ್ರಿಯಣ್ಣ ಅವತ್ತು ‘ಯಾವ ನಂಬರಿಗೆ’ ಎಂದು ಕೇಳಿ ಓಡಿದ್ದು ಮರುದಿನ ಮೇಸ್ತ್ರಿಗೆ ನೆನಪಾಯಿತು. ಮಸಿ ಮತ್ತು ಕುಂಚವನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ಗೋಡೆಯ ಕಡೆ ಕೈ ತೋರಿಸಿ ಹೋದ. ಇಸ್ತ್ರಿಯಣ್ಣ ಹಳೆಯ ನಂಬರಿನ ಮೇಲೆ ಗೆರೆ ಎಳೆದು ಹೊಸದನ್ನು ಬರೆದ. ಯಾರೂ ಯಾಕೆ ಎನ್ನಲಿಲ್ಲ. ಮತ್ತೊಮ್ಮೆ ಹಾಕಲು ಅವರಲ್ಲಿ ಯಾರ ಹತ್ತಿರವೂ ದುಡ್ಡಿರಲಿಲ್ಲ.

ಅದರ ಮರುದಿನ ಬೆಳಗ್ಗೆ ಅವನು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಹೆಂಡತಿ ಮೆಲ್ಲಗೆ ಕೇಳಿದಳು.

"ರೀ, ಅವತ್ತು ಮೇಸ್ತ್ರಿ ಅಂಗಿ ನೀಲಿನೇ ಇತ್ತಲ್ವಾ?"

"ನೀಲಿನೇ ಕಣೇ" ಎಂದ ಇಸ್ತ್ರಿಯಣ್ಣ.