ಸುತ್ತಿಗೆಯಿಂದ ಬಡಿದ ಸ್ಕ್ರೂ

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಇಡೀ ಬೀದಿಗೆ ಗೊತ್ತು. ಮರಗೆಲಸದ ಅಂಗಡಿಯ ಶಟರ್ ಸದ್ದಿಗಿಂತ ಮೊದಲು ಅವಳ ದನಿ ಕೇಳುತ್ತದೆ ಎನ್ನುವ ಎದುರಂಗಡಿಯ ಟೈಲರ್, ಅವಳಿಗೆ ಬೆಂಕಿಪೊಟ್ಟಣ ಎಂದು ಹೆಸರಿಟ್ಟಿದ್ದ. ಅದು ಕಿವಿಗೆ ಬಿದ್ದ ದಿನವೇ ಅವಳು ಅವನ ಅಂಗಡಿಗೆ ನುಗ್ಗಿದಳು. ಜಗಳಕ್ಕೆ ಬಂದಳೆಂದು ಅವನು ಕತ್ತರಿ ಬದಿಗಿಟ್ಟು ನಿಂತರೆ, ಇವಳು ಜೋತುಬಿದ್ದಿದ್ದ ಅವನ ಬಾಗಿಲಿನ ಕೀಲು ಬಿಚ್ಚತೊಡಗಿದ್ದಳು. "ಇಷ್ಟು ಭಾರದ ಬಾಗಿಲಿಗೆ ಉಗುರಷ್ಟುದ್ದದ ಸ್ಕ್ರೂ! ಹಾಕಿದ ಪುಣ್ಯಾತ್ಮ ಯಾರು?" ಎಂದು ಬೈಯುತ್ತಲೇ ಉದ್ದದ ಸ್ಕ್ರೂ ಹಾಕಿ, ಬಾಗಿಲು ನೆಟ್ಟಗೆ ಮಾಡಿ, ಹೆಸರಿಟ್ಟದ್ದಕ್ಕೂ ಸೇರಿಸಿ ಅವನ ನೀರಿಳಿಸಿ ಬಂದಳು.

ಮದುವೆಯಾಗಿ ಬಂದಾಗ ಅವಳಿಗೆ ಮೊಳೆ ಯಾವುದು, ಸ್ಕ್ರೂ ಯಾವುದು ಗೊತ್ತಿರಲಿಲ್ಲ. ಮಾವ ಒಂದು ಡಬ್ಬಿ ಕಲಬೆರಕೆ ಸ್ಕ್ರೂ ಅವಳ ಮುಂದೆ ಸುರಿದು, ಬೇರೆ ಬೇರೆ ಮಾಡಮ್ಮ ಎಂದಾಗ ಮೈಯೆಲ್ಲ ಉರಿದಿತ್ತು. "ಅಕ್ಕಿಯಲ್ಲಿ ಕಲ್ಲು ಆರಿಸಿ ಸಾಕಾಗಿ ಬಂದಿದ್ದೀನಿ, ಇಲ್ಲಿ ಕಬ್ಬಿಣ ಬೇರೆ ಆರಿಸ್ಬೇಕಾ ಮಾವ?" ಎಂದು ಕೇಳಿಯೇಬಿಟ್ಟಿದ್ದಳು. ಆರಿಸುತ್ತ ಆರಿಸುತ್ತ ಬೆರಳಿಗೆ ಬುದ್ಧಿ ಬಂತು. ಬಚ್ಚಲ ಬಾಗಿಲಿಗೆ ಹಿತ್ತಾಳೆಯದೇ ಆಗಬೇಕು, ಕಬ್ಬಿಣದ್ದಾದರೆ ತುಕ್ಕು ಹಿಡಿದು ಮರವನ್ನೂ ತಿನ್ನುತ್ತದೆ. ತೆಳ್ಳಗಿನ ಕಪ್ಪು ಸ್ಕ್ರೂ ಹಲಗೆ ಹಿಡಿಸಲು ಸರಿ, ಭಾರ ಹೊರಿಸಿದರೆ ಕುತ್ತಿಗೆ ಮುರಿದುಕೊಳ್ಳುತ್ತದೆ. ಮತ್ತೆ ಮತ್ತೆ ಬಿಚ್ಚಿ ಜೋಡಿಸುವ ಮೇಜಿಗೆ ಬೋಲ್ಟು, ನಟ್ಟು, ನಡುವೆ ವಾಷರ್. ಕಲಿತಷ್ಟೂ ಅವಳ ಕೋಪ ಹೆಚ್ಚಿತು. ತಪ್ಪು ಸ್ಕ್ರೂ ಕಂಡರೆ ಯಾರೋ ತನ್ನ ಮುಖಕ್ಕೇ ಸುಳ್ಳು ಹೇಳಿದಂತೆ ಆಗುತ್ತಿತ್ತು.

ಅಂದು ಮಕ್ಕಳ ಹಾಸ್ಟೆಲಿಗೆ ಹೋಗಬೇಕಿದ್ದ ಮಂಚಗಳು ಸಿದ್ಧವಾಗಿ ನಿಂತಿದ್ದವು. ಒಂದರ ಮೇಲೊಂದು ಇರುವ ಎರಡಂತಸ್ತಿನ ಮಂಚ. ಮೇಲೆ ಮಲಗಿದ ಮಗು ನಿದ್ದೆಯಲ್ಲಿ ಉರುಳಿದರೆ ತಡೆಯುವುದು ಅಂಚಿನ ಅಡ್ಡಪಟ್ಟಿ ಒಂದೇ. ಗಂಡ, ಮೈದುನ ಸೇರಿ ಕಟ್ಟಿದ್ದರು. ಪಾಲಿಶ್ ಅವಳ ಪಾಲಿನ ಕೆಲಸ. ಸಂಜೆಗೆ ಲಾರಿ ಬರುವುದಿತ್ತು. ಒರೆಸುತ್ತ ಅವಳು ಒಂದು ಅಡ್ಡಪಟ್ಟಿಗೆ ಮೈಭಾರ ಕೊಟ್ಟಳು. ಪಟ್ಟಿ ಕಿತ್ತು ಕೈಗೇ ಬಂತು.

ಸ್ಕ್ರೂ ತಲೆಯ ಮೇಲೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿದ್ದರು. ಕೆರೆದು ನೋಡಿದರೆ ತಲೆಯ ಗೀರು ಜಜ್ಜಿಹೋಗಿತ್ತು. ಮೊಳೆಯ ಹಾಗೆ ಸುತ್ತಿಗೆಯಿಂದ ಬಡಿದದ್ದು! ತಿರುಗಿಸಿ ಹಾಕಿದ ಸ್ಕ್ರೂ ಮರವನ್ನು ಕಚ್ಚಿ ಹಿಡಿಯುತ್ತದೆ. ಬಡಿದದ್ದು ಮರದ ನಾರು ಹರಿದು ತೂತು ಮಾಡಿಕೊಂಡು ಸುಮ್ಮನೆ ಕೂತಿರುತ್ತದೆ. ಇನ್ನೊಂದು ಮಂಚ ಅಲ್ಲಾಡಿಸಿ ನೋಡಿದಳು. ಅದೂ ಹಾಗೆಯೇ. ಅವಳ ರಕ್ತ ಕುದಿಯಿತು.

"ಯಾರು ಮಾಡಿದ್ದು ಇದನ್ನ?"

ಉಳಿಗಳನ್ನು ಒರೆಸುತ್ತಿದ್ದ ಗಂಡ ತಲೆ ಎತ್ತಲಿಲ್ಲ. ಮೈದುನ ಒಮ್ಮೆ ಪಟ್ಟಿಯನ್ನು, ಒಮ್ಮೆ ಅಣ್ಣನನ್ನು ನೋಡಿ ಕತ್ತು ಕೆರೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳಿಗೆ ಅಷ್ಟೇ ಸಾಕಾಯಿತು.

"ನೀನಾ?"

"ನಾನೇ ಅತ್ತಿಗೆ. ಬೇಗ ಮುಗೀಲಿ ಅಂತ..."

"ಬೇಗ! ಮಗು ಮೇಲಿಂದ ಬೀಳೋದೂ ಬೇಗಾನೇ! ಮೈಗಳ್ಳ! ಕೈಲಾಗ್ದೇ ಇದ್ರೆ ಬಾಯಿಬಿಟ್ಟು ಹೇಳ್ಬೇಕು. ಹೇಳೋಕೆ ನಾಚಿಕೆ, ಮಕ್ಕಳನ್ನ ಬೀಳಿಸೋಕೆ ನಾಚಿಕೆ ಇಲ್ವಾ?"

ಒಂದು ಮಾತಿಗೆ ಎರಡು ಆಡುವವನು ತಲೆ ತಗ್ಗಿಸಿ ನೆಲದ ಹೊಟ್ಟು ಗುಡಿಸತೊಡಗಿದ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅವಳು ಸ್ಕ್ರೂಡ್ರೈವರ್ ಎತ್ತಿ ಗಂಡನ ಮುಂದೆ ಹಿಡಿದಳು.

"ರೀ, ನೀವೇ ಒಂದು ಹಾಕಿ ತೋರಿಸಿ. ನಿಮ್ಮ ಕೈ ನೋಡಿಯಾದ್ರೂ ಕಲೀಲಿ."

"ಆಮೇಲೆ ನೋಡೋಣ ಬಿಡು."

"ಆಮೇಲೆ ಲಾರಿ ಬರುತ್ತೆ. ಹಾಕಿ ಅಂದ್ರೆ ಹಾಕಿ!"

ಗಲಾಟೆ ಕೇಳಿ ಟೈಲರ್ ತನ್ನ ಅಂಗಡಿಯ ಬಾಗಿಲಿಗೆ ಬಂದಿದ್ದ. ಗಂಡ ಎದ್ದ. ಹೊಸ ಸ್ಕ್ರೂ ಇಟ್ಟು ಒತ್ತಿ ತಿರುಗಿಸಿದ. ಒಂದು ಸುತ್ತು ಬಂತು. ಮುಂದಿನದಕ್ಕೆ ಮಣಿಕಟ್ಟು ನಡುಗಿ, ಹೆಬ್ಬೆರಳು ಸಡಿಲಾಗಿ, ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಹಿಡಿದ. ಮತ್ತೆ ಬಿತ್ತು.

"ಸಾಕು ಬಿಡಿ ಅತ್ತಿಗೆ," ಎಂದ ಮೈದುನ. "ಅಣ್ಣನ ಬಲಗೈಗೆ ಹಿಡಿತಾನೇ ಇಲ್ಲ. ಸ್ಕ್ರೂ ಹಾಕೋ ಮೆಷಿನ್ ಹಿಡಿದ್ರೆ ಅದು ಕೈಯನ್ನೇ ತಿರುಚಿಬಿಡುತ್ತೆ. ನಿಮಗೆ ಹೇಳ್ಬೇಡ ಅಂತ ನನ್ನಿಂದ ಮಾತು ತಗೊಂಡಿದ್ದ. ಹೀಗೆ ಎಡಗೈಯಲ್ಲಿ ಸುತ್ತಿಗೆ ಹಿಡಿದು ಬಡಿದಿದ್ದಾನೆ ಅನ್ನೋದು ಮಾತ್ರ ನನಗೂ ಈಗಲೇ ಗೊತ್ತಾಗಿದ್ದು."

ಟೈಲರ್ ಸದ್ದಿಲ್ಲದೆ ಒಳಗೆ ಹೋದ. ಅವಳಿಗೆ ಮೈದುನನ ಮೇಲೆ ಕೋಪ ಬಂತು, ಗಂಡನ ಮೇಲೆ ಬಂತು, ಎಲ್ಲಕ್ಕಿಂತ ತನ್ನ ಮೇಲೆ ಬಂತು. ಊರವರ ಬಾಗಿಲು, ಕಿಟಕಿಯ ತಪ್ಪೆಲ್ಲ ಕಾಣುವ ಕಣ್ಣಿಗೆ ಪಕ್ಕದಲ್ಲಿ ಕೂತು ಉಣ್ಣುವವನ ಕೈ ಕಾಣಲಿಲ್ಲವಲ್ಲ!

"ನನಗ್ಯಾಕೆ ಹೇಳ್ಲಿಲ್ಲ? ಬೈತೀನಿ ಅಂತ ಹೆದರಿಕೆನಾ?"

"ನಿನ್ನ ಬೈಗುಳ ನನಗೇನು ಹೊಸದಾ?" ಗಂಡ ನೆಲ ನೋಡುತ್ತ ಹೇಳಿದ. "ಅಯ್ಯೋ ಪಾಪ ಅಂತ ಬೈಯೋದನ್ನೇ ಬಿಟ್ಟುಬಿಡ್ತೀಯೇನೋ ಅಂತ ಹೆದರಿಕೆ ಆಯ್ತು."

ಅವಳು ನೆಲಕ್ಕೆ ಬಿದ್ದಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಆಮೇಲೆ ಇವತ್ತು ಲಾರಿ ಬೇಡ ಎಂದು ಹೇಳಲು ಮೈದುನನನ್ನು ಫೋನಿಗೆ ಅಟ್ಟಿದಳು. ಮೊದಲ ಮಂಚದ ಹಾಳು ತೂತುಗಳಿಗೆ ಅಂಟು ಸವರಿದ ಮರದ ಗೂಟ ತುಂಬಿದಳು. ಅವುಗಳ ಪಕ್ಕದಲ್ಲಿ ಹೊಸ ತೂತು ಕೊರೆದು, ಪಟ್ಟಿಯ ಒಂದು ತುದಿಯನ್ನು ಗಂಡನ ಕಡೆಗೆ ತಳ್ಳಿದಳು.

"ಹಿಡ್ಕೊಳ್ಳಿ, ಎಡಗೈಯಲ್ಲಿ! ಒಂದು ಮಗು ಬಿದ್ದು ತಲೆ ಒಡ್ಕೊಂಡಿದ್ರೆ ಅದರ ತಾಯಿಗೆ ಯಾವ ಮುಖ ತೋರಿಸ್ತಿದ್ರಿ? ಇಷ್ಟು ವರ್ಷ ಕೆಲಸ ಮಾಡಿದ ಮನುಷ್ಯನಿಗೆ ಬುದ್ಧಿ ಬೇಡ್ವಾ? ಥೂ ನಿಮ್ಮ! ಅಲ್ಲಾಡಿಸ್ಬೇಡಿ, ನೆಟ್ಟಗೆ ಹಿಡೀರಿ!"

ಸ್ಕ್ರೂ ತಿರುಗಿಸುತ್ತ ಅವಳು ಬೈದಳು, ಬೀದಿಯ ಆ ಕೊನೆಗೂ ಕೇಳುವಂತೆ ಬೈದಳು. ಕಣ್ಣೀರು ಗಲ್ಲದಿಂದ ಇಳಿದು ಮಂಚದ ಪಾಲಿಶ್ ಮೇಲೆ ಬೀಳುತ್ತಿತ್ತು. ಬಾಯಿ ಮಾತ್ರ ನಿಲ್ಲಿಸಲಿಲ್ಲ.