ಗೋಡೆಗೆ ಗೂಡು ಕಟ್ಟಿದ ಕುಂಬಾರ ಹುಳ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿನ ಮಾತು. ಚನ್ನಪಟ್ಟಣದಲ್ಲಿ ಮಗ ಸೊಸೆಯ ಜೊತೆ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೇನೆ. ವಿರೂಪಾಕ್ಷಿಪುರದ ಕಡೆ ಹೊಲದಲ್ಲಿ ಔಷಧಿ ಹೊಡೆದು ಹೊಡೆದು ಸಾಕಾದವಳು ನಾನು. ಇಲ್ಲಿ ಬಾಲ್ಕನಿಯಲ್ಲಿ ಪೇಂಟ್ ಡಬ್ಬಗಳಿಗೆ ಮಣ್ಣು ತುಂಬಿ ಬದನೆ, ಕರಿಬೇವು ಹಾಕಿದ್ದೆ. ಬದನೆಗೆ ಹಸಿರು ಹುಳ ಬಿದ್ದು ಎಲೆಯೆಲ್ಲ ಜರಡಿಯಾಯಿತು. ಬಗ್ಗಿ ಆರಿಸಲು ಸೊಂಟ ಕೇಳದು, ಕಣ್ಣೂ ಕಾಣದು. ಹೋದರೆ ಹೋಗಲಿ ಎಂದು ಬಿಟ್ಟಿದ್ದೆ.

ಆಗ ಒಂದು ಕುಂಬಾರ ಹುಳ ಬಂತು. ಸಣ್ಣ ಸೊಂಟದ ಕಡಜ. ಬಾಯಲ್ಲಿ ಹಸಿ ಮಣ್ಣು ತಂದು ಕಿಟಕಿ ಪಕ್ಕದ ಗೋಡೆಗೆ ಪುಟ್ಟ ಗಡಿಗೆಯಂಥ ಗೂಡು ಕಟ್ಟಿತು. ಗಿಡದ ಮೇಲಿನ ಹಸಿರು ಹುಳ ಹಿಡಿದು ಅದರೊಳಗೆ ತುಂಬಿ ಬಾಯಿ ಮುಚ್ಚಿತು. ಅದರ ಮರಿಗೆ ಊಟ. ಆಮೇಲೆ ಪಕ್ಕದಲ್ಲೇ ಇನ್ನೊಂದು ಗೂಡು. ನನ್ನ ಕೆಲಸ ಅದು ಮಾಡುತ್ತಿತ್ತು. ನಾನು ಕುರ್ಚಿ ಹಾಕಿಕೊಂಡು ನೋಡುತ್ತ ಕೂತೆ.

ಎದುರು ಮನೆಯ ಜಯಮ್ಮ ಕರಿಬೇವು ಕೇಳಲು ಬಂದವಳು ಗೂಡು ನೋಡಿದಳು. ಕುಂಬಾರ ಹುಳ ಗೂಡು ಕಟ್ಟಿದರೆ ಆ ಮನೆಯ ಹೆಂಗಸು ಬಸುರಿಯಾಗುತ್ತಾಳೆ ಅನ್ನುತ್ತಾರೆ ನಮ್ಮ ಕಡೆ.

"ಅಕ್ಕಯ್ಯ, ಸವಿತಂಗೆ ಏನಾರ ಇಸೇಸ ಐತಾ? ಗೂಡು ಕಟ್ಬುಟ್ಟೈತಲ್ಲ. ಉದುರುಸ್ಬುಟ್ಟೀಯ, ಹಂಗೇ ಬುಡು."

"ಬುಡ್ದೆ ಏನ್ಮಾಡ್ಲಿ," ಅಂದೆ.

ಸವಿತಾ ನನ್ನ ಸೊಸೆ. ಮದುವೆಯಾಗಿ ವರ್ಷಗಳಾದವು, ಮಕ್ಕಳಿಲ್ಲ. ಆಸ್ಪತ್ರೆಗೆ ಅಲೆದು ಬಳಲಿದ್ದಾಳೆ. ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡಳು. ಜಯಮ್ಮ ಹೋದ ಮೇಲೆ ಪೊರಕೆ ಹಿಡಿದು ಬಂದು, ಅದರ ಹಿಂಬದಿಯಿಂದ ಗೂಡುಗಳನ್ನು ಕುಟ್ಟಿ ಕೆಡವಿದಳು.

"ನೀವೂ ದಿನಾ ಇದ್ನೇ ನೋಡ್ಕಂಡು ಕೂತಿರ್ತೀರಲ್ಲ ಅತ್ತೆ. ನಂಗೆ ಗೊತ್ತಾಗಲ್ವಾ?"

ಒಡೆದ ಮಣ್ಣಿನಿಂದ ಹಸಿರು ಹುಳಗಳು ನೆಲಕ್ಕೆ ಬಿದ್ದಿದ್ದವು. ಒಂದೆರಡು ಇನ್ನೂ ಮಿಸುಕುತ್ತಿದ್ದವು.

"ನೋಡಮ್ಮಿ, ಬದ್ನೆ ಎಲೆ ತಿನ್ನೋ ಹುಳ. ಕಡಜ ಹಿಡ್ದು ತುಂಬ್ಕತದೆ. ಅದ್ಕೇ ಇಟ್ಕಂಡಿದ್ದೆ."

"ಮೊದ್ಲೇ ಯೋಳ್ಬಾರ್ದಾಗಿತ್ತಾ?"

"ನೀನು ಕೇಳಿದ್ಯಾ?"

ಅವಳು ಅಲ್ಲೇ ನೆಲದ ಮೇಲೆ ಕೂತಳು. ಕಡಜ ಮಣ್ಣಿನ ಉಂಡೆ ಕಚ್ಚಿಕೊಂಡು ಬಂದು, ಗೂಡಿದ್ದ ಜಾಗದಲ್ಲಿ ಸುತ್ತಿ ಸುತ್ತಿ ಹುಡುಕಿತು. ಇಬ್ಬರೂ ನೋಡುತ್ತ ಕೂತೆವು.

ಸ್ವಲ್ಪ ದಿನಕ್ಕೆ ಅದೇ ಗೋಡೆಗೆ ಮತ್ತೆ ಗೂಡು ಬಂತು. ಸವಿತಾ ಮುಟ್ಟಲಿಲ್ಲ. ಗಿಡಕ್ಕೆ ನೀರು ಹಾಕುವಾಗ ಒಂದು ಡಬ್ಬದ ಮೂಲೆಯಲ್ಲಿ ಕಡಜಕ್ಕೆಂದು ಮಣ್ಣು ಕಲಸಿಯೂ ಇಡುತ್ತಿದ್ದಳು. ಬದನೆ ಗಿಡಗಳು ಚಿಗುರಿ ಕಾಯಿ ಬಿಟ್ಟವು. ಜಯಮ್ಮ ಮತ್ತೆ ಬಂದಳು.

"ಏನವ್ವ ಸವಿತಾ, ಸಿಹಿ ಸುದ್ದಿ ಯಾವಾಗ?"

"ಆಗೋಯ್ತಲ್ಲ ಜಯಮ್ಮಾರೆ. ತಕ್ಕಳಿ," ಎಂದು ಎರಡು ಬದನೆಕಾಯಿ ಕಿತ್ತು ಅವಳ ಕೈಗಿಟ್ಟಳು.

ನಾನು ಗೂಡು ಉಳಿಸಿಕೊಂಡಿದ್ದು ಗಿಡಕ್ಕಾಗಿಯೇ. ಆದರೆ ಅವತ್ತು ಸವಿತಾ ಪೊರಕೆ ಹಿಡಿದು ಬಂದಾಗ ನನ್ನ ಕಣ್ಣು ಒಂದು ಸಲ ಅವಳ ಹೊಟ್ಟೆಯ ಕಡೆ ಹೋಗಿತ್ತು. ಅದನ್ನು ಅವಳು ನೋಡಿದಳೋ ಇಲ್ಲವೋ, ಕೇಳಿಲ್ಲ. ಈಗ ಅವಳು ಬಾಲ್ಕನಿಗೆ ಬಂದರೆ ನಾನು ಗಿಡ ನೋಡುತ್ತೇನೆ.