ವಸ್ತಾರೆ ಆನೆ, ಗೋಣಿಬೀಡು ಆನೆ

ರುದ್ರಣ್ಣ ಮೈಕ್ ಹಿಡಿಯುವ ಮೊದಲು ಪಕ್ಕದವರ ಕಿವಿಯಲ್ಲಿ ಒಂದು ಮಾತು ಕೇಳಿಕೊಳ್ಳುತ್ತಿದ್ದರು: "ಇಲ್ಲಿಯವ್ರಿಗೆ ಮಳೆ ಬೇಕಾ, ಬ್ಯಾಡ್ವಾ?" ಕಣದಲ್ಲಿ ಕಾಫಿ ಒಣಗಲು ಹಾಕಿದ ಊರಾದರೆ ಭಾಷಣದಲ್ಲಿ ಮೋಡಕ್ಕೆ ಬೈಯುವರು. ಕಾಫಿ ಗಿಡ ಹೂ ಬಿಡಿಸುವ ಹೂಮಳೆಗೆ ಕಾಯುವ ಊರಾದರೆ ಅದೇ ಮೋಡಕ್ಕೆ ಕೈಮುಗಿಯುವರು.

ಗೋಣಿಬೀಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಈ ಮನುಷ್ಯ ಯಾರ ಮನಸ್ಸನ್ನೂ ನೋಯಿಸಿದವರಲ್ಲ. ನನ್ನನ್ನಂತೂ ಚಾ ಕುಡಿಸದೆ ಕಳಿಸಿದ್ದಿಲ್ಲ. ಎರಡು ಸಲ ಪಂಚಾಯಿತಿಗೆ ನಿಂತು ಸೋತಿದ್ದರು. ಮೂರನೇ ಸಲ ಗೆಲ್ಲುವ ಲಕ್ಷಣ ಇತ್ತು. ಕೆಡಿಸಿದವನು ನಾನು.

ಹಿಂದೊಮ್ಮೆ ವಸ್ತಾರೆಯ ಸಮಾರಂಭವೊಂದರಲ್ಲಿ ಅವರು, ಆನೆ ಎಂದರೆ ಸಾಕ್ಷಾತ್ ಗಣಪತಿ, ಅದರ ದಾರಿಗೆ ಅಡ್ಡ ಬಂದವರು ನಾವೇ ಎಂದು ಭಾಷಣ ಬಿಗಿದಿದ್ದರು. ವಾರ ಕಳೆಯುವುದರೊಳಗೆ ಆನೆ ಹಾವಳಿ ವಿರುದ್ಧ ಗೋಣಿಬೀಡಿನಲ್ಲಿ ನಡೆದ ಪ್ರತಿಭಟನೆಯಲ್ಲಿ, ಸರ್ಕಾರಕ್ಕೆ ಆಗದಿದ್ದರೆ ಆನೆ ಹೊಡೆಯಲು ಕೋವಿ ನಾನೇ ಹಿಡಿಯುತ್ತೇನೆ ಎಂದು ತೊಡೆ ತಟ್ಟಿದ್ದರು. ಎರಡೂ ವಿಡಿಯೊ ನನ್ನ ಹತ್ತಿರ ಇದ್ದವು. ತಮಾಷೆಗೆ ಜೋಡಿಸಿ ಊರ ಗ್ರೂಪಿಗೆ ಹಾಕಿದೆ. ಸಂಜೆಯೊಳಗೆ ಮೂಡಿಗೆರೆ ಬಸ್‌ಸ್ಟ್ಯಾಂಡಿನ ತನಕ ಎಲ್ಲರ ಫೋನಿನಲ್ಲೂ ರುದ್ರಣ್ಣ.

ಜನ ಸ್ಪಷ್ಟನೆ ಕೇಳಿದರು. ಕೊಟ್ಟರು: "ವಸ್ತಾರೆ ಆನೆ ಬೇರೆ, ಗೋಣಿಬೀಡು ಆನೆ ಬೇರೆ ಮಾರಾಯ್ರೆ." ಮೊದಲಿನ ವಿಡಿಯೊಗಿಂತ ಅದೇ ಜಾಸ್ತಿ ಓಡಿತು.

ಮರುದಿನ ನನ್ನ ಮನೆಗೇ ಬಂದರು. ಬೈಯಲಿಲ್ಲ. "ಕೆಡಿಸಿದ್ದು ನೀನು, ರಿಪೇರಿನೂ ನೀನೇ ಮಾಡು" ಎಂದು ಜೀಪಿಗೆ ಹತ್ತಿಸಿಕೊಂಡು ಜಯಮ್ಮನ ಮನೆಗೆ ಕರೆದೊಯ್ದರು. ತೋಟದ ಕೆಲಸಕ್ಕೆ ಹೋಗುವ ಜಯಮ್ಮನ ಅಡುಗೆಮನೆ ಗೋಡೆಯನ್ನು ಆಗಷ್ಟೇ ಆನೆ ಕೆಡವಿತ್ತು. ಅಲ್ಲಿ ನಿಂತು ಸಮಾಧಾನ ಹೇಳುವ ವಿಡಿಯೊ ಅವರಿಗೆ ಬೇಕಿತ್ತು.

ನಾನು ಫೋನ್ ಎತ್ತಿ ಹಿಡಿದೆ. ಅವರು ಬಾಯಿ ತೆರೆಯುವ ಮೊದಲೇ ಜಯಮ್ಮ ಕೇಳಿದಳು: "ಬನ್ನಿ ಅಣ್ಣ. ಇಲ್ಲಿಗೆ ಬಂದಿದ್ದು ಯಾವೂರ ಆನೆ? ಕಾಯಿ ಒಡೀಬೇಕಾ, ಕೋವಿ ತರ್ಬೇಕಾ?"

ನನಗೆ ನಗು ಬಂತು. ಅವಳಿಗೆ ಬಂದಿರಲಿಲ್ಲ. ಒಲೆ ಅಂಗಳದಲ್ಲಿತ್ತು. ರುದ್ರಣ್ಣ ಪಕ್ಕಕ್ಕೆ ತಿರುಗಿ ನೋಡಿದರು. ಕಿವಿಯಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲ.

"ನಂಗೊತ್ತಿಲ್ಲ ಜಯಮ್ಮ," ಎಂದರು. "ಏನ್ ಮಾಡ್ಬೇಕು ಅಂತ ನಿಜವಾಗ್ಲೂ ಗೊತ್ತಿಲ್ಲ."

ವಾಪಸ್ ಬರುವಾಗ ಜೀಪಿನಲ್ಲೇ ಆ ವಿಡಿಯೊ ಅಳಿಸಿಹಾಕಲು ಹೇಳಿದರು. "ಲೀಡರ್ ಆದವ್ನು ಗೊತ್ತಿಲ್ಲ ಅನ್ಬಾರ್ದು ಮಾರಾಯ." ನಾನೂ ಪೆದ್ದನ ಹಾಗೆ ಅಳಿಸಿದೆ.

ಸೋತರು. ತನ್ನ ಓಟು ಅವರಿಗೇ ಹಾಕಿದ್ದಾಗಿ ಜಯಮ್ಮ ಆಮೇಲೆ ಹೇಳಿದಳು. ಅದನ್ನು ಅವರಿಗೆ ತಿಳಿಸಬೇಕು ಅಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಅವರು ತೀರಿಕೊಂಡರು.

ಈಗ ಮತ್ತೆ ಚುನಾವಣೆ. ಮೂವರು ನಿಂತಿದ್ದಾರೆ. ಮೂವರಿಗೂ ಎಲ್ಲ ಗೊತ್ತು.